ಲೋಂಗೇವಾಲಾ ಡಯೋರಾಮಾಕ್ಕೆ ಬೇಕಲದ ಮರಳು
ಲೋಂಗೇವಾಲಾ ಯುದ್ಧದ ಡಯೋರಾಮಾಕ್ಕೆ (ಪುಟ್ಟ ಮಾದರಿ ದೃಶ್ಯಕ್ಕೆ) ಬೇಕಲದ ಕಡಲತೀರದ ಮರಳು ಹಾಕಿದರೆ ಮರುಭೂಮಿ ಅನ್ನಿಸುತ್ತಿಲ್ಲ, ಒಣಗಿದ ಮೇಲೆ ಉದುರುತ್ತದೆ ಅಂದಿದ್ದೀರಿ ಅಲ್ವಾ? ತೊಂದರೆ ಕಾಳಿನದ್ದು. 1:35 ಅಳತೆಯಲ್ಲಿ 1 ಮಿಮೀ ಕಾಳು ಅಂದರೆ 3.5 ಸೆಂಮೀ ಜಲ್ಲಿ! ಸಿಹಿನೀರಲ್ಲಿ ತೊಳೆದು ಉಪ್ಪು ಬಿಡಿಸಿ, ಒಣಗಿಸಿ, ಮೈದಾ ಜರಡಿ ಹಿಡಿಯಿರಿ.

ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು ಹಾಕಿ, ಮರಳಿಗೆ ಬಿಡಿ. ಇಲ್ಲದಿದ್ದರೆ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಮರಳ ಮೇಲೆ ಉರುಳುತ್ತದೆ. ಟ್ಯಾಂಕಿನ ಗುರುತು ಒತ್ತಿದ ಮೇಲೆ ಈ ಮಳೆಯಲ್ಲಿ ಎರಡು ದಿನ ಮುಟ್ಟಲೇಬೇಡಿ.

ಕೆಂಪು ಮುರಕಲ್ಲಿನ ಹುಡಿ ಮಾತ್ರ ಬೇಡ. ನಾನು ಹಾಕಿದಾಗ ಥಾರ್ ಹೋಗಿ ಮಂಜೇಶ್ವರದ ಗುಡ್ಡ ಆಯಿತು.

ಅಂಟು ಹಸಿ ಇರುವಾಗಲೇ ಟ್ಯಾಂಕಿನ ಚೈನು ಒತ್ತಿ ಗುರುತು ಮೂಡಿಸಿ. ನೇರ ಗೆರೆ ಬೇಡ. 1971ರ ಡಿಸೆಂಬರ್ 5ರಂದು ಲೋಂಗೇವಾಲಾದಲ್ಲಿ ನಮ್ಮ ವಾಯುಪಡೆಯ ಹಂಟರ್ ವಿಮಾನಗಳಿಂದ ತಪ್ಪಿಸಿಕೊಳ್ಳಲು ಪಾಕಿಸ್ತಾನದ ಟ್ಯಾಂಕುಗಳು ಸುತ್ತಿದ ಸುತ್ತು ಆಗಿನ ಫೋಟೋದಲ್ಲೇ ಕಾಣುತ್ತದೆ.