ಮಧ್ಯಕಿವಿಯ ಇಂಪ್ಲಾಂಟನ್ನು ಎಲ್ಲಿಗೆ ಜೋಡಿಸಿದರೆ ಹೆಚ್ಚು ಕೇಳಿಸುತ್ತದೆ?

ಕಿವಿ ಸೋರುವ ಕಾಯಿಲೆಯಿಂದ ನಿಮ್ಮ ತಾಯಿಯವರ ಅಡಿಗಲ್ಲು ಮೂಳೆ (ಇಂಕಸ್, ಮಧ್ಯಕಿವಿಯ ಮೂರು ಪುಟ್ಟ ಮೂಳೆಗಳಲ್ಲಿ ನಡುವಿನದು) ಹೋಗಿದೆ. ಕಂಪನದ ಮೂಲಕ ಕೇಳಿಸುವ ಇಂಪ್ಲಾಂಟ್ ಆದ ವೈಬ್ರೆಂಟ್ ಸೌಂಡ್‌ಬ್ರಿಡ್ಜನ್ನು ಒಬ್ಬ ವೈದ್ಯರು ರಿಕಾಪು ಮೂಳೆಗೆ (ಸ್ಟೇಪೀಸ್, ಒಳಕಿವಿಗೆ ತಾಗುವ ಕೊನೆಯ ಮೂಳೆ), ಇನ್ನೊಬ್ಬರು ಒಳಕಿವಿಯ ದುಂಡು ಕಿಟಕಿಗೆ (ತೆಳು ಪೊರೆ ಮುಚ್ಚಿದ ಪುಟ್ಟ ರಂಧ್ರ) ಜೋಡಿಸಬೇಕು ಎನ್ನುತ್ತಿದ್ದಾರೆ, ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ನಾನು ಆಡಿಯಾಲಜಿಸ್ಟ್. ಶಸ್ತ್ರಚಿಕಿತ್ಸೆಯ ನಂತರ ಸಾಧನವನ್ನು ಹೊಂದಿಸಿ, ಎಷ್ಟು ಕೇಳಿಸುತ್ತಿದೆ ಎಂದು ಅಳೆಯುವುದು ನನ್ನ ಕೆಲಸ. ನಾನು ಕಂಡಂತೆ ಜಾಗಕ್ಕಿಂತ ಹಿಡಿತ ಮುಖ್ಯ.

ಈ ಸಾಧನದಲ್ಲಿ ಕಂಪಿಸುವ ತುಣುಕಿನ ಉದ್ದ ಸುಮಾರು 2.3 ಮಿಲಿಮೀಟರ್, ತೂಕ 25 ಮಿಲಿಗ್ರಾಂ. ಮೊದಲು ಇದನ್ನು ಅಡಿಗಲ್ಲಿಗೇ ಸಿಕ್ಕಿಸುತ್ತಿದ್ದರು. ದುಂಡು ಕಿಟಕಿಯ ಪೊರೆಯ ಮೇಲೆ ಕೂರಿಸಿದ ಫಲಿತಾಂಶಗಳನ್ನು ಇಟಲಿಯ ಕೊಲೆಟ್ಟಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಮೇಲೆ, ಕಿವಿಯ ಮೂಳೆಗಳು ಸವೆದವರಿಗೂ ದಾರಿ ತೆರೆಯಿತು. ಆದರೆ ಆ ಪೊರೆ ಮೂಳೆಯ ಅಂಚಿನ ಮರೆಯಲ್ಲಿರುತ್ತದೆ. ಅಂಚನ್ನು ನಾಜೂಕಾಗಿ ಕೊರೆದು, ತುಣುಕಿನ ತುದಿ ಪೊರೆಯನ್ನು ನೇರವಾಗಿ ಒತ್ತುವಂತೆ, ಸುತ್ತಲಿನ ಮೂಳೆಗೆ ತಗಲದಂತೆ ಕೂರಿಸಬೇಕು. ಸ್ವಲ್ಪ ವಾಲಿದರೂ ಕಂಪನ ಮೂಳೆಯಲ್ಲೇ ಸೋರಿಹೋಗುತ್ತದೆ. ಆದ್ದರಿಂದಲೇ ಈ ವಿಧಾನದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಫಲಿತಾಂಶ ಬಹಳ ಬೇರೆಯಾಗುವುದನ್ನು ನೋಡುತ್ತೇನೆ. ರಿಕಾಪಿನ ತಲೆಗಾದರೆ ತುಣುಕನ್ನು ಹಿಡಿಯುವ ಕ್ಲಿಪ್ ಭದ್ರವಾಗಿ ಕೂರುತ್ತದೆ. ನಿಮ್ಮ ತಾಯಿಯವರ ರಿಕಾಪು ಉಳಿದಿದ್ದು, ಅದರ ಪಾದ ಸಲೀಸಾಗಿ ಅಲುಗಾಡುತ್ತಿದ್ದರೆ ನನ್ನ ಒಲವು ಅತ್ತಲೇ. ಪಾದ ಬಿಗಿದುಕೊಂಡಿದ್ದರೆ ಆ ಮಾತು ಬಿಡಿ.

'40 ಡೆಸಿಬಲ್ ಲಾಭ' ಎಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ತೃಪ್ತರಾಗಬೇಡಿ. ಅದರಲ್ಲಿ ದೊಡ್ಡ ಪಾಲು, ಕೆಟ್ಟ ಮಧ್ಯಕಿವಿಯನ್ನು ದಾಟಿ ಹೋಗಿದ್ದರಿಂದಲೇ ಬಂದಿರಬಹುದು. ತಲೆಬುರುಡೆಯ ಮೂಳೆಯ ಮೂಲಕ ಕೇಳಿಸುವ ಮಟ್ಟ (ಒಳಕಿವಿಯ ಶಕ್ತಿಯ ಅಳತೆ) ಎಷ್ಟು, ಇಂಪ್ಲಾಂಟಿನ ಮೂಲಕವೇ ನೇರವಾಗಿ ಶಬ್ದ ಕೊಟ್ಟಾಗ ಎಷ್ಟು ಎಂದು ಕೇಳಿ. ಇವೆರಡರ ಅಂತರವೇ ಜೋಡಣೆಯಲ್ಲಿ ಆಗುವ ನಷ್ಟ. ದುಂಡು ಕಿಟಕಿಯಲ್ಲಿ ತಗ್ಗು ಸ್ವರಗಳಿಗೆ ಇದು ಹೆಚ್ಚಾಗಿ ಕಾಣುತ್ತದೆ. ಜೊತೆಗೆ ಮಾತಿನ ಪರೀಕ್ಷೆಯೂ ಬೇಕು. 65 ಡೆಸಿಬಲ್‌ನಲ್ಲಿ, ಎಂದರೆ ಸಾಮಾನ್ಯ ಮಾತಿನ ಗಟ್ಟಿತನದಲ್ಲಿ, ಎಷ್ಟು ಪದಗಳು ತಿಳಿಯುತ್ತವೆ? ಗದ್ದಲದಲ್ಲಿ ಎಷ್ಟು? ಅವರ ದಿನನಿತ್ಯದ ಬದುಕಿಗೆ ಬೇಕಾದ ಅಂಕಿ ಇದು.

ತಾಯಿಯವರ ಒಳಕಿವಿಯ ಶಕ್ತಿಯೂ ಲೆಕ್ಕಕ್ಕೆ ಬರುತ್ತದೆ. ಮೂಳೆಯ ಮೂಲಕ ಕೇಳಿಸುವ ಮಟ್ಟ 500 ಹರ್ಟ್ಸ್‌ನಲ್ಲಿ 45, 1000ದಲ್ಲಿ 50, 2000 ಮತ್ತು 4000ದಲ್ಲಿ 65 ಡೆಸಿಬಲ್ ದಾಟಿದ್ದರೆ ಸಾಧನದ ಬಲ ಸಾಲದು. ಅವರ ಆಡಿಯೋಗ್ರಾಂ (ಶ್ರವಣ ಪರೀಕ್ಷೆಯ ನಕ್ಷೆ) ತೆಗೆದು ಇಂದೇ ನೋಡಿ. ಇಬ್ಬರೂ ವೈದ್ಯರನ್ನು ಇನ್ನೊಂದು ಮಾತು ಕೇಳಿ: ತುಣುಕನ್ನು ಕೂರಿಸಿದ ಮೇಲೆ, ಗಾಯ ಮುಚ್ಚುವ ಮೊದಲು, ಶ್ರವಣ ನರದ ಪ್ರತಿಕ್ರಿಯೆ ಅಳೆದು ಹಿಡಿತವನ್ನು ಪರೀಕ್ಷಿಸುತ್ತಾರೆಯೇ? ಹೌದು ಎನ್ನುವವರ ಕಡೆಗೆ ನಾನಾದರೆ ವಾಲುತ್ತೇನೆ.