ನಿಮ್ಮ ಗಾಳಿಗೆ ಆ ಪೆಟ್ಟಿಗೆ ಸಾಲದು

ಪ್ರಿಯ ಲೇಖಕರೇ,

‘ಕಂಪ್ಯೂಟರಿನೊಳಗೊಂದು ಗಾಳಿ ಸುರಂಗ’ ಲೇಖನ ತಲುಪಿತು. ಮೈಸೂರಿನ ಬೋಗಾದಿ ಕಡೆಯ ಹತ್ತು ಮಹಡಿಯ ಅಪಾರ್ಟ್‌ಮೆಂಟ್ ಒಂದನ್ನು, ಗಾಳಿ-ನೀರಿನ ಹರಿವನ್ನು ಲೆಕ್ಕ ಹಾಕುವ ಓಪನ್‌ಫೋಮ್ ಎಂಬ ತಂತ್ರಾಂಶದಲ್ಲಿ ಕಟ್ಟಿ, ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂದು ತೋರಿಸಿದ್ದೀರಿ. ಇಂಥದ್ದನ್ನು ಕನ್ನಡದಲ್ಲಿ ಬರೆಯುವವರು ಕಡಿಮೆ. ಭಾಷೆ ತಿಳಿಯಾಗಿದೆ, ಮೆಷ್ ಮಾಡುವ, ಅಂದರೆ ಜಾಗವನ್ನು ಲೆಕ್ಕಕ್ಕಾಗಿ ಸಣ್ಣ ಸಣ್ಣ ಕೋಶಗಳಾಗಿ ಒಡೆಯುವ ಭಾಗ ಚೆನ್ನಾಗಿ ಬಂದಿದೆ. ಹೊಗಳಿಕೆ ಇಷ್ಟು ಸಾಕು. ಲೇಖನವನ್ನು ಈ ತಿಂಗಳು ಹಾಕುತ್ತಿಲ್ಲ. ಎರಡು ವಾಕ್ಯಗಳು ನನಗೆ ಸಿಟ್ಟು ತರಿಸಿದವು. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು: “ಕಟ್ಟಡದ ಸುತ್ತಲೂ ಮೇಲೂ 20 ಮೀಟರ್ ಜಾಗ ಬಿಟ್ಟು ಒಂದು ಪೆಟ್ಟಿಗೆ ಎಳೆಯಲಾಗುತ್ತದೆ.”

ಪೆಟ್ಟಿಗೆ ಎಂದರೆ ಕಂಪ್ಯೂಟರ್ ಗಾಳಿಯನ್ನು ಲೆಕ್ಕ ಹಾಕುವ ಜಾಗದ ಗಡಿ. ಅದನ್ನು ಎಳೆದವರು ಯಾರು? ನೀವೇ ಅಲ್ವಾ? 20 ಯಾಕೆ? ಒಂದು ಕಾರಣವೂ ಇಲ್ಲ. ನಿಮ್ಮ ಕಟ್ಟಡ 30 ಮೀಟರ್ ಎತ್ತರ, 20 ಮೀಟರ್ ಅಗಲ. ಅಂದರೆ ಗಾಳಿಗೆ ಎದುರಾಗಿ ನಿಂತ ಗೋಡೆ 600 ಚದರ ಮೀಟರ್. ನಿಮ್ಮ ಪೆಟ್ಟಿಗೆಯ ಬಾಯಿ 60ಕ್ಕೆ 50, ಅಂದರೆ 3,000 ಚದರ ಮೀಟರ್. ಐದರಲ್ಲಿ ಒಂದು ಪಾಲನ್ನು ಕಟ್ಟಡವೇ ಮುಚ್ಚಿಬಿಟ್ಟಿತು. ಒಳಗೆ ಬಂದ ಗಾಳಿ ಹೊರಗೆ ಹೋಗಲೇಬೇಕು. ಹಾಗಾಗಿ ಉಳಿದ ಜಾಗದಲ್ಲಿ ಅದು ಸರಾಸರಿ ಕಾಲು ಪಾಲು ಜಾಸ್ತಿ ವೇಗದಲ್ಲಿ ನುಗ್ಗುತ್ತದೆ. ನಿಜವಾದ ಬೋಗಾದಿಯಲ್ಲಿ ಗಾಳಿಗೆ ಪೆಟ್ಟಿಗೆಯ ಪಕ್ಕದ ಗೋಡೆಗಳೂ ಇಲ್ಲ, ಮೇಲೆ ಮುಚ್ಚಳವೂ ಇಲ್ಲ.

ಈಗ ನಿಮ್ಮ ಮುಖ್ಯ ತೀರ್ಮಾನ ನೋಡಿ: “ಪಕ್ಕದ ಓಣಿಯಲ್ಲಿ ಗಾಳಿ ರಭಸವಾಗುತ್ತದೆ.” ಕಟ್ಟಡದ ಮೂಲೆಗಳಲ್ಲಿ ಗಾಳಿ ಜೋರಾಗುವುದು ನಿಜವೇ. ಆದರೆ ನಿಮ್ಮ ಮೂರನೇ ಚಿತ್ರದಲ್ಲಿ ಆ ರಭಸ ತೋರಿಸುವ ಕೆಂಪು ಪಟ್ಟಿಯಲ್ಲಿ ಕಟ್ಟಡದ ಪಾಲೆಷ್ಟು, ಪೆಟ್ಟಿಗೆಯ ಪಾಲೆಷ್ಟು? ಹೇಳೋಕೆ ಆಗಲ್ಲ.

ಇಂಥ ಲೆಕ್ಕಗಳನ್ನು ಹೇಗೆ ಮಾಡಬೇಕೆಂದು ಹೇಳುವ ಯುರೋಪಿನ ಕಾಸ್ಟ್ 732 ಮಾರ್ಗಸೂಚಿ 2007ರಿಂದಲೇ ಇದೆ. ಅದರ ಲೆಕ್ಕದಲ್ಲಿ ಮುಂದೆ, ಪಕ್ಕಗಳಲ್ಲಿ, ಮೇಲೆ ಕಟ್ಟಡದ ಎತ್ತರದ ಐದು ಪಟ್ಟು ಜಾಗ ಬೇಕು. ಹಿಂದೆ ಹದಿನೈದು ಪಟ್ಟು. ನಿಮ್ಮ ಕಟ್ಟಡಕ್ಕೆ 150 ಮೀಟರ್ ಮತ್ತು 450 ಮೀಟರ್. ಹಾಗೆ ಬಿಟ್ಟರೆ ಕಟ್ಟಡ ಮುಚ್ಚುವುದು ಶೇ. 1ರಷ್ಟು ಮಾತ್ರ. ಶೇ. 3 ದಾಟಬಾರದು ಅನ್ನುವುದು ರೂಢಿ. ಹಿಂದೆ ಅಷ್ಟೊಂದು ಯಾಕೆ ಎಂದರೆ, ಕಟ್ಟಡದ ಬೆನ್ನಿಗೆ ಗಾಳಿ ಸುಳಿ ಸುತ್ತಿ ವಾಪಸ್ ಹರಿಯುತ್ತದೆ. ನೀವು 20 ಮೀಟರಿಗೇ ಪೆಟ್ಟಿಗೆ ಮುಗಿಸಿ, ಸುಳಿಯನ್ನು ಅರ್ಧಕ್ಕೆ ಕತ್ತರಿಸಿದ್ದೀರಿ.

ಎರಡನೆಯದು: “ಒಳಬರುವ ಗಾಳಿಯ ವೇಗವನ್ನು ಸೆಕೆಂಡಿಗೆ 10 ಮೀಟರ್ ಎಂದು ನೀಡಲಾಗುತ್ತದೆ.”

ಮತ್ತೆ ‘ಲಾಗುತ್ತದೆ’. ಇರಲಿ. 10 ಎಂದರೆ ಯಾವ ಎತ್ತರದಲ್ಲಿ? ನೆಲದಿಂದ ಮುಚ್ಚಳದವರೆಗೆ ಒಂದೇ ವೇಗ ಕೊಟ್ಟಿದ್ದೀರಿ. ಗಾಳಿ ಹಾಗೆ ಬೀಸುವುದಿಲ್ಲ. ನೆಲದ ಹತ್ತಿರ ಗಿಡ, ಕಾಂಪೌಂಡು, ಮನೆ ಅದನ್ನು ತಡೆಯುತ್ತವೆ, ಮೇಲೆ ಹೋದಂತೆ ವೇಗ ಏರುತ್ತದೆ. ನೆಲದ ಒರಟುತನದ ಅಳತೆಯನ್ನು (ಇದು ಗಿಡ, ಮನೆಗಳ ಎತ್ತರವಲ್ಲ, ಅವು ಗಾಳಿಯನ್ನು ಎಷ್ಟು ತಡೆಯುತ್ತವೆ ಎಂಬುದರ ಅಳತೆ) 0.1 ಮೀಟರ್ ಎಂದು ಹಿಡಿಯಿರಿ. 10 ಮೀಟರ್ ಎತ್ತರದಲ್ಲಿ ವೇಗ 10 ಇದ್ದರೆ, ಎತ್ತರದೊಂದಿಗೆ ವೇಗ ಏರುವುದನ್ನು ಹೇಳುವ ಲಾಗ್ ಸೂತ್ರದ ಪ್ರಕಾರ 2 ಮೀಟರಿನಲ್ಲಿ ಸುಮಾರು 6.5, ನಿಮ್ಮ ತಾರಸಿಯ ಎತ್ತರದಲ್ಲಿ 12.4. ಲೇಖನ ಬರೆದಿದ್ದು ಓಣಿಯಲ್ಲಿ ನಡೆಯುವವರಿಗಾಗಿ. ಅವರ ತಲೆಯ ಮಟ್ಟದಲ್ಲೇ ಒಂದೂವರೆ ಪಟ್ಟು ಗಾಳಿ ಬಿಟ್ಟಿದ್ದೀರಿ. ಈ ಏರಿಕೆಯನ್ನು ಕೊಡಲು ಓಪನ್‌ಫೋಮ್‌ನಲ್ಲೇ ಸಿದ್ಧ ಸೌಲಭ್ಯವಿದೆ. ನೀವು ಆ ಕಡೆ ಹೋಗಿಲ್ಲ.

ನಾನು ಕೆಲಸ ಕಲಿತದ್ದು ಮೈಸೂರಿನ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ. ಆಗ ಗಾಳಿಯ ಹೊರೆಯನ್ನು ಕೈಯಲ್ಲೇ ಲೆಕ್ಕ ಹಾಕುತ್ತಿದ್ದೆವು. ಗಾಳಿಯ ಹೊರೆಗಿರುವ ಭಾರತೀಯ ಮಾನಕ, ಐಎಸ್ 875ರ ಮೂರನೇ ಭಾಗ ತೆಗೆದರೆ, ಲೆಕ್ಕ ಶುರು ಮಾಡಬೇಕಾದ ಮೂಲ ವೇಗ ಮೈಸೂರಿಗೆ ಸೆಕೆಂಡಿಗೆ 33 ಮೀಟರ್. ಅಷ್ಟು ಬರೆದ ಕೂಡಲೇ ಅವರು ಪುಸ್ತಕ ಮುಚ್ಚಿಸುತ್ತಿದ್ದರು. “ಯಾವ ದಿಕ್ಕಿನ ಗಾಳಿ? ಆ ದಿಕ್ಕಿನಲ್ಲಿ ಏನಿದೆ?” ಪಕ್ಕದ ಮನೆಯ ತಾರಸಿ ಹತ್ತಿ ನೋಡಿ ಬರಬೇಕಿತ್ತು. ಬಿಸಿಲಿರಲಿ, ಮಳೆಯಿರಲಿ. ಮಂಡ್ಯ ಹತ್ತಿರ ಗದ್ದೆ ಬಯಲಲ್ಲಿ ಒಂದು ಗೋದಾಮಿನ ಕೆಲಸ ಬಂತು. ಸುತ್ತ ಆಳೆತ್ತರ ದಾಟಿದ ಕಬ್ಬು. ಅದನ್ನು ನೋಡಿ ನಾನು ನೆಲದ ವರ್ಗ, ಅಂದರೆ ಸುತ್ತಲ ನೆಲ ಎಷ್ಟು ಒರಟು ಎಂಬುದನ್ನು ಬರೆದುಕೊಂಡು ಹೋದೆ. ಅವರು ಕೇಳಿದ್ದು ಒಂದೇ: “ಕಬ್ಬು ಕಡಿದ ಮೇಲೆ ಏನಯ್ಯಾ?” ಎದ್ದು ನಿಂತ ಬೆಳೆಗೆ ಒರಟುತನ ಸುಮಾರು ಕಾಲು ಮೀಟರ್. ಕಡಿದ ಬಯಲಿಗೆ ಕೆಲವೇ ಸೆಂಟಿಮೀಟರ್. ಜಾಗ ಅದೇ, ಆದರೆ ಗೋಡೆಗೆ ಬಡಿಯುವ ಗಾಳಿ ಬೇರೆ. ಮನುಷ್ಯ ಮಹಾ ಸಿಡುಕ. ಕಾಫಿ ಮಾತ್ರ ಧಾರಾಳವಾಗಿ ಕುಡಿಸುತ್ತಿದ್ದರು.

ಆ ಪ್ರಶ್ನೆಯನ್ನೇ ನಿಮಗೂ ಕೇಳುತ್ತಿದ್ದೇನೆ. ಆಷಾಢದ ಗಾಳಿ ಬೋಗಾದಿಗೆ ಪಶ್ಚಿಮ, ನೈಋತ್ಯದಿಂದ ಬರುತ್ತದೆ. ಆ ಕಡೆ ಹೊಲ, ತೆಂಗು, ಖಾಲಿ ಸೈಟುಗಳು. ಪೂರ್ವದಿಂದ ಬಂದರೆ ಕುಕ್ಕರಹಳ್ಳಿ ಕೆರೆ, ಮಾನಸಗಂಗೋತ್ರಿಯ ಮರಗಳನ್ನು ದಾಟಿ ಬರಬೇಕು. ಎರಡಕ್ಕೂ ಒಂದೇ ಒರಟುತನ ಹಾಕಲಾಗದು. ನಿಮ್ಮ ಲೇಖನದಲ್ಲಿ ದಿಕ್ಕಿನ ಹೆಸರೇ ಇಲ್ಲ.

ಪೆಟ್ಟಿಗೆ ದೊಡ್ಡದು ಮಾಡಿ, ಗಾಳಿಯ ಏರಿಕೆ ಕೊಟ್ಟು, ಪಶ್ಚಿಮಕ್ಕೊಂದು ಪೂರ್ವಕ್ಕೊಂದು ಬಾರಿ ಓಡಿಸಿ. ಕೆಂಪು ಪಟ್ಟಿಯ ಆ ಮೂರನೇ ಚಿತ್ರ ತೆಗೆದುಬಿಡಿ. ಆ ಎರಡು ವಾಕ್ಯಗಳ ಜಾಗದಲ್ಲಿ ಎರಡು ಪ್ಯಾರಾ ಬರೆಯಿರಿ, ‘ನಾನು’ ಅಂತಲೇ ಬರೆಯಿರಿ. ಓಣಿಯಲ್ಲಿ ರಭಸ ಕಮ್ಮಿಯಾಗಿ ತೀರ್ಮಾನ ಸಪ್ಪೆಯಾದರೂ ಕಳಿಸಿ, ಹಾಕುತ್ತೇನೆ.

ಸಂಪಾದಕ