ಜಾನ್ ಫ್ಲಾಕ್ಸ್‌ಮನ್ ಶಿಲ್ಪಿ ಅಲ್ವಾ, ಅವನ ರೇಖಾಚಿತ್ರಗಳಿಗೇ ಯಾಕೆ ಜಾಸ್ತಿ ಹೆಸರು?

ಅವನು ಕೆತ್ತಿದ ಸ್ಮಾರಕ ನೋಡಬೇಕಾದರೆ ಅದಿರುವ ಚರ್ಚಿಗೇ ಹೋಗಬೇಕು, ಅಚ್ಚಾದ ಚಿತ್ರ ಊರೂರು ಸುತ್ತುತ್ತದೆ. ಮುಖ್ಯ ಕಾರಣ ಅದೇ. ಇಂಗ್ಲೆಂಡಿನ ಫ್ಲಾಕ್ಸ್‌ಮನ್ (1755–1826) ರೋಮ್‌ನಲ್ಲಿದ್ದಾಗ ಪ್ರಾಚೀನ ಗ್ರೀಕ್ ಕವಿ ಹೋಮರನ ಕಾವ್ಯಗಳಿಗೆ ಚಿತ್ರ ಬರೆದ. 1793ರಲ್ಲಿ ಟೊಮ್ಮಾಸೊ ಪಿರೋಲಿ ಅವನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಮೇಲೆ ಅವು ಯುರೋಪಿನ ತುಂಬ ಹರಡಿದವು. ನೆರಳಿಲ್ಲ, ಬಣ್ಣವಿಲ್ಲ, ಹಿನ್ನೆಲೆಯೂ ಹೆಚ್ಚುಕಡಿಮೆ ಇಲ್ಲ. ಹಳೆಯ ಗ್ರೀಕ್ ಹೂಜಿಗಳ ಮೇಲಿನ ಚಿತ್ರಗಳ ಹಾಗೆ ಬರೀ ಗೆರೆ. ಅಷ್ಟರಲ್ಲೇ ಬಟ್ಟೆಯ ಮಡಿಕೆ, ಬಾಗಿದ ಕತ್ತು, ದುಃಖ ಎಲ್ಲ ಕಾಣುತ್ತದೆ!

ಹಾಗಂತ ಸ್ಮಾರಕಗಳು ಕಮ್ಮಿಯೇನಲ್ಲ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿರುವ, ಬ್ರಿಟಿಷ್ ನೌಕಾಸೇನಾನಿ ನೆಲ್ಸನ್‌ನ ಸ್ಮಾರಕ ಅವನದೇ. ನನಗೆ ಅದಕ್ಕಿಂತ ಇಷ್ಟ ತಂಜಾವೂರಿನ ಶ್ವಾರ್ಟ್ಸ್ ಚರ್ಚಿನಲ್ಲಿರುವ ಅಮೃತಶಿಲೆಯ ಉಬ್ಬುಶಿಲ್ಪ. ಅದನ್ನು ಮಾಡಿಸಿದ್ದು ರಾಜ ಎರಡನೇ ಸರ್ಫೋಜಿ. ಕೊನೆಗಾಲದಲ್ಲಿ ಹಾಸಿಗೆ ಹಿಡಿದ ಪಾದ್ರಿ ಶ್ವಾರ್ಟ್ಸ್ ಮಲಗಿದ್ದಾರೆ, ಪಕ್ಕದಲ್ಲಿ ಸರ್ಫೋಜಿ ಅವರ ಕೈ ಹಿಡಿದು ನಿಂತಿದ್ದಾನೆ. ಕಾಗದದ ಮೇಲಿನ ಅದೇ ಸರಳ ಗೆರೆ ಕಲ್ಲಲ್ಲೂ ಇದೆ. ಬೃಹದೀಶ್ವರ ದೇವಸ್ಥಾನಕ್ಕೆ ಹೋದವರು ಹತ್ತಿರದಲ್ಲೇ ಇರುವ ಇದನ್ನೂ ನೋಡಿ ಬನ್ನಿ.